ಮುಖ ತರುವ ಶಾಸ್ತ್ರ

ಸತ್ತವರೆಲ್ಲ ದೇವರ ಬಳಿ ಇರುತ್ತಾರೆ ಎಂದು ಪಾದ್ರಿ ಪ್ರತಿ ಭಾನುವಾರ ಹೇಳುತ್ತಿದ್ದರು. ಉನೈಸಿ ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನುತ್ತಿದ್ದಳು. ಸೋಮವಾರ ಎಂದಿನಂತೆ ಬೆಳಕು ಹರಿಯುವ ಹೊತ್ತಿಗೆ ಎದ್ದು, ಸತ್ತ ಮಗಳನ್ನು ನೋಡಲು ತೊರೆಯ ದಂಡೆಗೆ ಹೋಗುತ್ತಿದ್ದಳು. ಈ ಎರಡಕ್ಕೂ ತಾಳಮೇಳವಿಲ್ಲ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ದೇವರ ಮನೆಯಿಂದ ಒಬ್ಬಳು ಬೆಳಗಿನ ಹೊತ್ತು ಇತ್ತ ಬಂದು ಹೋದರೆ ಯಾರಪ್ಪನ ಗಂಟು ಹೋಗುತ್ತದೆ?

ತೊರೆಯೇ ಫಿಜಿಯ ವುನಿಸೇವು ಊರಿನ ಗಡಿ. ಈಚೆಗೆ ಮನೆಗಳು, ಚರ್ಚು, ಮರಗೆಣಸಿನ ತೋಟ. ಆಚೆಗೆ ತಾತನ ಕಾಲಕ್ಕೆ ಭಾರತದಿಂದ ಬಂದ ಮನೆತನದ ಮುನ್ಸಾಮಿಯ ಅಂಗಡಿ, ಲಂಬಾಸಾ ಪಟ್ಟಣಕ್ಕೆ ಹೋಗುವ ಬಸ್ಸಿನ ರಸ್ತೆ. ನಡುವೆ ತೆಂಗಿನ ದಿಮ್ಮಿಯ ಕಾಲುಸಂಕ. ಲಿತಿಯಾನಾ ಆಚೆ ದಂಡೆಯಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ನಿಲ್ಲುತ್ತಿದ್ದಳು. ಸಮುದ್ರ ಏರಿದ್ದರೂ ಇಳಿದಿದ್ದರೂ ನೀರು ಅವಳ ಪಾದ ಮುಳುಗುವಷ್ಟೇ. ಕೂಸನ್ನು ಎತ್ತಿಕೊಂಡವರ ಹಾಗೆ ಎಡಗೈ ಮಡಚಿ ಎದೆಗೆ ಒತ್ತಿಕೊಂಡಿರುತ್ತಿದ್ದಳು, ಕೈಯಲ್ಲಿ ಕೂಸಿರಲಿಲ್ಲ. ಮಾತಾಡುತ್ತಿರಲಿಲ್ಲ. ಉನೈಸಿಯೇ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು: ಯಾರ ಹಂದಿ ಯಾರ ತೋಟಕ್ಕೆ ನುಗ್ಗಿತು, ಚರ್ಚಿನ ಹಾಡಿನ ಮೇಳದಲ್ಲಿ ಯಾರಿಗೆ ಯಾರ ಮೇಲೆ ಕಣ್ಣು, ಲಿತಿಯಾನಾಳ ತಮ್ಮ ಎಮೋಸಿ ಕಾವಾ ಬೇರಿನ ರಸ ಕುಡಿದು ಅಮಲೇರಿ ಯಾವ ಯಾವ ದಿನ ಮೀನಿಗೆ ಹೋಗಲಿಲ್ಲ. ಬೇಯಿಸಿದ ದೀವಿಹಲಸನ್ನು ಎಲೆಯಲ್ಲಿ ಕಟ್ಟಿ ಸಂಕದ ತುದಿಯಲ್ಲಿಟ್ಟು ಬರುತ್ತಿದ್ದಳು. ಏಡಿಗಳು ತಿನ್ನುತ್ತಿದ್ದವು. ತಿನ್ನಲಿ ಬಿಡಿ.

ಹೀಗೆ ಮೂರು ವರ್ಷ. ನಿಜ ಹೇಳಬೇಕೆಂದರೆ ಆ ಮೂರು ವರ್ಷ ಅವಳು ಸುಖವಾಗಿಯೇ ಇದ್ದಳು. ಬದುಕಿದ್ದಾಗ ಆಸ್ಟ್ರೇಲಿಯಾದಿಂದ ಕ್ರಿಸ್‌ಮಸ್ಸಿಗೊಮ್ಮೆ ಫೋನು ಮಾಡುತ್ತಿದ್ದ ಮಗಳು, ಸತ್ತ ಮೇಲೆ ದಿನಾ ಸಿಗುತ್ತಿದ್ದಳು.

ಲಿತಿಯಾನಾ ಯಾಕೆ ಸಂಕ ದಾಟುವುದಿಲ್ಲ ಎಂಬುದೂ ಉನೈಸಿಗೆ ಗೊತ್ತಿತ್ತು. ಊರಿನ ಹೆಣ್ಣು ಬೇರೆ ಕಡೆ ಮದುವೆಯಾಗಿ ಹೆತ್ತರೆ, ಆ ಮಗು ತಾಯಿಯ ತವರಿಗೆ ಸುಮ್ಮನೆ ಕಾಲಿಡುವಂತಿಲ್ಲ. ತಂದೆಯ ಕಡೆಯವರು ಚಾಪೆ ಹೊತ್ತು, ತಿಮಿಂಗಿಲದ ಹಲ್ಲು ಹಿಡಿದು ಬಂದು, ನಿಮ್ಮ ಮಗಳ ಮಗುವಿನ ಮುಖ ತಂದಿದ್ದೇವೆ ಎಂದು ಊರಿನ ಮುಂದೆ ಇಡಬೇಕು. ಅದಾದ ಮೇಲೆ ಮಗುವಿನದೇ ದರಬಾರು. ಸೋದರಮಾವನ ಹಂದಿ ಬೇಕೆಂದರೆ ಹಂದಿ, ದೋಣಿ ಬೇಕೆಂದರೆ ದೋಣಿ. ಯಾರೂ ತುಟಿ ಪಿಟಕ್ ಅನ್ನುವಂತಿಲ್ಲ. ಅದಾಗುವವರೆಗೆ ಮಾತ್ರ ಊರಿನ ಪಾಲಿಗೆ ಆ ಮಗುವಿಗೆ ಮುಖವೇ ಇಲ್ಲ.

ಲಿತಿಯಾನಾ ಕಟ್ಟಿಕೊಂಡದ್ದು ಡೆಸ್ ಎಂಬ ಬಿಳಿಯನನ್ನು. ಲಂಬಾಸಾದ ಸಕ್ಕರೆ ಕಾರ್ಖಾನೆಯ ಯಂತ್ರ ರಿಪೇರಿಗೆ ಕ್ವೀನ್ಸ್‌ಲ್ಯಾಂಡಿನಿಂದ ಬಂದವನು. ಒಳ್ಳೆಯವನು, ಆದರೆ ಒಬ್ಬಂಟಿ. ಅನಾಥಾಲಯದಲ್ಲಿ ಬೆಳೆದವನಿಗೆ ಅಪ್ಪನಿಲ್ಲ, ಚಿಕ್ಕಪ್ಪನಿಲ್ಲ, ‘ಕಡೆಯವರು’ ಎಂದರೆ ಏನೆಂದೇ ತಿಳಿಯದು. ಅವನ ಜೊತೆ ಆಸ್ಟ್ರೇಲಿಯಾಕ್ಕೆ ಹೋದಳು, ಮಗಳು ಅಲುಮಿತಾ ಹುಟ್ಟಿದ್ದು ಅಲ್ಲಿಯೇ. ಆಗಿನ ಕಾನೂನು ಹೇಗಿತ್ತೆಂದರೆ, ಆ ದೇಶದವಳಾಗುತ್ತೇನೆ ಎಂದು ಪ್ರಮಾಣ ಮಾಡಿದ ದಿನವೇ ಫಿಜಿಯ ಋಣ ಕಡಿಯುತ್ತಿತ್ತು. ಕೂಸೊಂದು ದೇಶ, ತಾಯೊಂದು ದೇಶ ಆಗಬಾರದು ಎಂದು ಲಿತಿಯಾನಾ ಪ್ರಮಾಣ ಮಾಡಿದಳು. ಮರುವರ್ಷ ಕೂಸನ್ನೆತ್ತಿಕೊಂಡು ತವರಿಗೆ ಹೊರಟರೆ ವಿಮಾನ ನಿಲ್ದಾಣದಲ್ಲಿ ‘ಪ್ರವಾಸಿ’ ಎಂದು ಮೊಹರು ಒತ್ತಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ, ಸರಿ. ಸರ್ಕಾರವೂ ಅದನ್ನೇ ಹಿಡಿದು ಕೂರಬೇಕಿತ್ತೇ?

ಸಂಕದ ಬಳಿ ಅವಳನ್ನು ತಡೆದವನು ಚಿಕ್ಕಪ್ಪ ನೆಮಾನಿ. ಊರಿನ ಪರವಾಗಿ ಮಾತಾಡುವ ಹಕ್ಕು ಅವನದು.

“ನೀನು ಬಾರಮ್ಮ, ನಿನ್ನ ಮನೆ. ಕೂಸಿನ ಮುಖ ಇನ್ನೂ ಬಂದಿಲ್ವಲ್ಲ.”

“ಹಾಗಾದ್ರೆ ನಾನೂ ಬರಲ್ಲ ಚಿಕ್ಕಪ್ಪ. ಇವಳನ್ನ ಆಚೆ ಬಿಟ್ಟು ಒಳಗೆ ಬಂದು ನಾನೇನ್ ಮಾಡ್ಲಿ?”

ಎರಡು ವಾರ ಮುನ್ಸಾಮಿಯ ಮನೆಯಲ್ಲೇ ಇದ್ದಳು. ಉನೈಸಿಯೇ ಸಂಕ ದಾಟಿ ಹೋಗಿ ಮೊಮ್ಮಗಳನ್ನು ಆಡಿಸಿ ಬರುತ್ತಿದ್ದಳು. ಮುಂದಿನ ವರ್ಷ ಮುಖ ತರ್ತೀವಮ್ಮ ಎಂದು ಹೇಳಿ ಹೋದ ಮಗಳು ಮುಂದಿನ ವರ್ಷವೂ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಕಾಯಿಲೆ ಬಿದ್ದಳು. ಕ್ವೀನ್ಸ್‌ಲ್ಯಾಂಡಿನ ಕೆಂಪು ಮಣ್ಣಿನಲ್ಲಿ ಅವಳನ್ನು ಹೂತರು.

ಇನ್ನೂ ಒಂದು ಸಂಗತಿ ಉನೈಸಿಗೆ ಗೊತ್ತಿತ್ತು, ಅದನ್ನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಸತ್ತವರು ಮನೆ ಸೇರಿದರೆ ನಿಲ್ಲುವುದಿಲ್ಲ. ಒಮ್ಮೆ ಒಲೆಯ ಮುಂದೆ ಕೂತು, ಪಡುವಣ ದಿಕ್ಕಿನ ಬಂಡೆಗಳತ್ತ ನಡೆದು, ಅಲ್ಲಿಂದ ಕಡಲಿಗಿಳಿದು ಹೋಗಿಬಿಡುತ್ತಾರೆ. ಮತ್ತೆ ಬರುವುದಿಲ್ಲ. ಹಾಗಾಗಿ ಮೊಮ್ಮಗಳ ಮುಖ ತರುವ ವಿಷಯದಲ್ಲಿ ಅವಳು ಯಾರನ್ನೂ ಅವಸರಪಡಿಸಿರಲಿಲ್ಲ.

ಅಷ್ಟರಲ್ಲಿ ಕಾನೂನು ಬದಲಾಯಿತು. ಡೆಸ್ ಎಂಟು ವರ್ಷದ ಅಲುಮಿತಾಳನ್ನು ಕರೆದುಕೊಂಡು ಬಂದು ಮುನ್ಸಾಮಿಯ ಅಂಗಡಿಯ ಜಗಲಿಯಲ್ಲಿ ಇಳಿದ. ಮಗಳು ಹುಟ್ಟಿದಾಗ ತಾಯಿ ಇನ್ನೂ ಫಿಜಿಯವಳೇ ಆಗಿದ್ದರಿಂದ ಮಗಳಿಗೂ ಆ ಹಕ್ಕು ಸಿಕ್ಕಿತ್ತು. ಅವನು ಎರಡು ಪಾಸ್‌ಪೋರ್ಟನ್ನೂ ಜಗಲಿಯ ಮೇಲೆ ಇಟ್ಟು ತೋರಿಸಿದ. ಎರಡೂ ನೀಲಿ.

ಎಮೋಸಿ ಒಂದೊಂದನ್ನು ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದ. “ಏನ್ ಭಾವ, ಒಂದು ಹುಡ್ಗಿಗೆ ಎರಡು ದೇಶ! ನಂಗೆ ಇರೋ ಒಂದರಲ್ಲೇ ಸರಿಯಾಗಿ ಹೊಟ್ಟೆ ತುಂಬ್ತಿಲ್ಲ. ಎರಡು ದೋಣಿ ಮೇಲೆ ಕಾಲಿಟ್ರೆ ಮಧ್ಯದಲ್ಲಿ ಬೀಳಲ್ವಾ?”

“ಇಲ್ಲ, ಈಗ ಎರಡೂ ಇಟ್ಕೋಬಹುದು,” ಡೆಸ್ ಹೇಳಿದ. ಊರಿನ ಭಾಷೆ ಅವನ ಬಾಯಲ್ಲಿ ಕುಂಟುತ್ತಿತ್ತು. “ಅದಕ್ಕೇ ಬಂದಿದ್ದು. ನಂಗೆ ಅಲ್ಲಿ ಪಾಳಿ ಕೆಲ್ಸ. ಮನೇಲಿ ಇವಳನ್ನ ನೋಡ್ಕೊಳ್ಳೋರಿಲ್ಲ. ಇವಳು ಅತ್ತೆ ಹತ್ರ ಇದ್ದು ಇಲ್ಲೇ ಓದ್ಲಿ. ಎಷ್ಟು ದಿನ ಇದ್ರೂ ಯಾರೂ ಕೇಳಲ್ಲ.”

“ಸರ್ಕಾರ ಕೇಳಲ್ಲಪ್ಪ,” ಎಂದ ಮುನ್ಸಾಮಿ, ಅಕ್ಕಿ ಅಳೆಯುತ್ತಾ. “ಸಂಕದ ಆಚೆಯವರು ಕೇಳ್ತಾರೆ.”

ಡೆಸ್ ತಲೆ ತಗ್ಗಿಸಿದ. ಮಗಳು ದೂರದಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಉನೈಸಿಯ ಕಡೆ ತಿರುಗಿದ. “ಅತ್ತೆ, ಇನ್ನೊಂದು ವಿಷ್ಯ. ನಾಂದೀಲಿ ವಿಮಾನ ಇಳಿದಾಗ ಎರಡು ಸಾಲು ಇತ್ತು. ದೇಶದವರದ್ದು ಒಂದು, ಹೊರಗಿನವರದ್ದು ಒಂದು. ಇವಳು ಎರಡೂ ಸಾಲಿಗೆ ಹೋಗದೆ ಮಧ್ಯದಲ್ಲೇ ನಿಂತ್ಬಿಟ್ಲು. ಎಳೆದ್ರೂ ಬರಲಿಲ್ಲ. ಅಮ್ಮ ಇಲ್ಲಿ ನಿಂತಿದಾಳೆ, ಅವಳನ್ನ ಯಾವ ಸಾಲಿಗೂ ಬಿಡ್ತಿಲ್ಲ ಅಂದ್ಲು.”

ಮುನ್ಸಾಮಿ ಅಳೆಯುವುದನ್ನು ನಿಲ್ಲಿಸಿದ. ಉನೈಸಿಗೆ ಹುಟ್ಟಿದ್ದು ಭಯ ಮಾತ್ರ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ತೊರೆಗೆ ಹೋದಳು. ಲಿತಿಯಾನಾ ನಿಂತಲ್ಲೇ ನಿಂತಿದ್ದಳು. ಅವಳ ಪಕ್ಕದಲ್ಲಿ, ಕಾಂಡ್ಲಾದ ಬೇರಿನ ಮೇಲೆ ಅಲುಮಿತಾ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

“ಬುಬು,” ಎಂದು ಕೂಗಿದಳು ಹುಡುಗಿ. ಅಜ್ಜಿಯನ್ನು ಹಾಗೆ ಕರೆಯಬೇಕೆಂದು ತಾಯಿ ಕಲಿಸಿದ್ದಿರಬೇಕು. “ಅಮ್ಮನ್ನ ಯಾಕೆ ಒಳಗೆ ಕರೀತಿಲ್ಲ ನೀನು?”

ಉನೈಸಿಯ ಎದೆಯಲ್ಲಿ ಮೊದಲು ಎದ್ದದ್ದು ನಾಚಿಕೆಗೇಡಿನ ಸಿಟ್ಟು. ಇಷ್ಟು ದಿನ ಮಗಳು ತನ್ನೊಬ್ಬಳಿಗೇ ಕಾಣುತ್ತಾಳೆ ಎಂದುಕೊಂಡಿದ್ದಳು. ಈಗ ಪಾಲುಗಾತಿ ಬಂದಿದ್ದಳು.

“ನಿಂಗೆ ದಿನಾ ಕಾಣಿಸ್ತಾಳಾ?”

“ಮನೇಲಿ ಗೇಟಿನ ಹತ್ರ ನಿಂತಿರ್ತಾಳೆ. ಸ್ಕೂಲಲ್ಲೂ ಬಾಗ್ಲಾಚೆ. ಒಳಗೆ ಬಾ ಅಂದ್ರೆ ಬರಲ್ಲ. ನಂಗೂ ಒಳಗೆ ಹೋಗೋಕೆ ಮನಸಾಗಲ್ಲ ಬುಬು.” ಹುಡುಗಿ ತುಂಬ ಸಣಕಲಾಗಿದ್ದಳು. ಡೆಸ್ ಹೇಳಿದ್ದ, ತಟ್ಟೆಯಲ್ಲಿ ಅರ್ಧ ತಿಂದು ಅರ್ಧ ಎತ್ತಿಡುತ್ತಾಳಂತೆ. ಯಾರಿಗೆಂದು ಕೇಳಿದರೆ ಹೇಳುವುದಿಲ್ಲವಂತೆ.

ಮುಖ ತರುವ ಶಾಸ್ತ್ರ ಆಗಲೇಬೇಕು ಎಂದು ಊರಿನಲ್ಲಿ ಮಾತಾಯಿತು. ಡೆಸ್‌ನ ಬಳಿ ತಿಮಿಂಗಿಲದ ಹಲ್ಲಿಲ್ಲ, ಹೊರಿಸಿಕೊಂಡು ಬರಲು ಜನವಿಲ್ಲ. ಅದು ಅಂಗಡಿಯಲ್ಲಿ ಕೊಂಡು ತರುವ ವಸ್ತುವೂ ಅಲ್ಲ. ಅತ್ತ ದರಿ ಇತ್ತ ಪುಲಿ ಎಂದು ಅವನು ಕೂತಿದ್ದಾಗ ಎಮೋಸಿ ಅವನ ಬೆನ್ನು ತಟ್ಟಿ, “ನೀನ್ ಸುಮ್ನಿರು ಭಾವ, ನಾನಿಲ್ವಾ?” ಅಂದನಂತೆ. ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಡೆಸ್ ಊರಿನ ಗಂಡಸರ ಹಾಗೆ ಹೊಸ ಸುಲು ಪಂಚೆ ಉಟ್ಟು, ಮಗಳ ಕೈ ಹಿಡಿದು, ಸಂಕ ದಾಟಿ ಬಂದು ಚಾಪೆಯ ಮೇಲೆ ಮೊಣಕಾಲೂರಿದ. ಹುರಿ ಕಟ್ಟಿದ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಯಿಪಾಠ ಮಾಡಿದ ಮಾತು ಒಪ್ಪಿಸಿದ. ನೆಮಾನಿ ಹಲ್ಲನ್ನು ಸ್ವೀಕರಿಸಿದ. ಗಂಡಸರು ಅಂಗೈ ಗುಳಿ ಮಾಡಿಕೊಂಡು ಚಪ್ಪಾಳೆ ತಟ್ಟಿದರು.

ಹೆಂಗಸರ ಸಾಲಿನಲ್ಲಿ ಕೂತಿದ್ದ ಉನೈಸಿ ಆ ಹಲ್ಲನ್ನು ನೋಡಿದಳು. ಅದು ಅವಳ ಮನೆಯದು. ಅವಳೇ ಪ್ರತಿ ವರ್ಷ ತೆಂಗಿನೆಣ್ಣೆ ಹಚ್ಚಿ ಉಜ್ಜಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಹಲ್ಲು. ಬುಡದ ಕಪ್ಪು ಬಿರುಕು ಅವಳಿಗೆ ತನ್ನ ಅಂಗೈ ರೇಖೆಯಷ್ಟೇ ಗುರುತು. ಎಮೋಸಿಯತ್ತ ಕಣ್ಣು ಹಾಯಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಅವನು ಕತ್ತು ತುರಿಸಿಕೊಂಡು ಬೇರೆ ಕಡೆ ತಿರುಗಿದ. ಒಳ್ಳೆಯ ಮನಸ್ಸಿನ ದಡ್ಡ. ತಾಯಿಯ ಮನೆಯ ಹಲ್ಲು ತಾಯಿಯ ಮನೆಗೇ ಬಂದರೆ ಅದು ಯಾರು ಯಾರಿಗೆ ತಂದ ಮುಖ? ಬಲಗೈಯಿಂದ ಎಡಗೈಗೆ ಕೊಟ್ಟುಕೊಂಡ ಹಾಗೆ. ಶಾಸ್ತ್ರ ಆಗಿಲ್ಲವೆಂದೇ ಲೆಕ್ಕ.

ಅವಳು ಆಗಲೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಡೆಸ್‌ಗೆ ಅವಮಾನ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಅದು ಸುಳ್ಳು ಎಂದು ಅವಳಿಗೇ ಗೊತ್ತಿತ್ತು. ಶಾಸ್ತ್ರ ಆಗಿದೆ ಎಂದು ಊರು ನಂಬಿದರೆ ಮೊಮ್ಮಗಳು ಮನೆಯಲ್ಲಿರುತ್ತಾಳೆ. ಆಗಿಲ್ಲವೆಂದು ಸತ್ತವಳಿಗೆ ಗೊತ್ತಿದ್ದರೆ ಮಗಳು ತೊರೆಯಲ್ಲಿರುತ್ತಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮುದುಕಿ ಬಾಯಿಗೆ ಬೀಗ ಹಾಕಿಕೊಂಡು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಹಬ್ಬದೂಟವಾಯಿತು. ಕಲ್ಲಿನ ಗುಂಡಿಯಲ್ಲಿ ಬೆಂದ ಹಂದಿ, ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಅದ್ದಿದ ಮೀನು. “ತಿನ್ನೇ, ಇವತ್ತಿಂದ ನನ್ನ ಹಂದಿಗಳೆಲ್ಲ ನಿಂದೇ, ನಂಗೆ ಬರೀ ಅವುಗಳ ಗೊಬ್ಬರ,” ಎಂದು ಎಮೋಸಿ ಅಕ್ಕನ ಮಗಳನ್ನು ರೇಗಿಸಿದ. ಅಲುಮಿತಾ ನಗಲಿಲ್ಲ. ಅರ್ಧ ತಿಂದು, ಉಳಿದದ್ದನ್ನು ಎಲೆಯಲ್ಲಿ ಕಟ್ಟಿಕೊಂಡು ತೊರೆಯ ಕಡೆ ಹೋದಳು.

ಆಮೇಲೂ ಹಾಗೇ. ಚಾಪೆಯ ಮೇಲೆ ಮಲಗಿಸಿದರೆ ಬೆಳಿಗ್ಗೆ ಹೊಸ್ತಿಲಲ್ಲಿ ಸಿಗುತ್ತಿದ್ದಳು. ಶಾಲೆಗೆ ಕಳಿಸಿದರೆ ಬೇಲಿಯಾಚೆ ನಿಂತಿರುತ್ತಿದ್ದಳು. ಊರಿನ ಮಕ್ಕಳು ಅವಳ ಜೊತೆ ಆಡುವುದನ್ನು ಬಿಟ್ಟರು. ಅವಳ ಪಕ್ಕ ಕೂತರೆ ಕಾಲಿಗೆ ನೀರು ತಾಕಿದ ಹಾಗೆ ಆಗುತ್ತದೆ ಎಂದು ಒಬ್ಬ ಹುಡುಗಿ ತಾಯಿಯ ಬಳಿ ಹೇಳಿ ಅತ್ತಳಂತೆ. ಉನೈಸಿ ಇದೆಲ್ಲವನ್ನೂ ನೋಡಿದಳು. ನೋಡಿಯೂ ಬೆಳಗಾದರೆ ತೊರೆಗೆ ಹೋಗಿ ಮಗಳೊಡನೆ ಮಾತಾಡಿ ಬಂದಳು. ಅಷ್ಟೊಂದು ಆಸೆ ಮನುಷ್ಯರಿಗೆ ಒಳ್ಳೆಯದಲ್ಲ.

ಹುಣ್ಣಿಮೆಯ ಹತ್ತಿರದ ಒಂದು ಮಧ್ಯಾಹ್ನ ಸಮುದ್ರ ಎಂದಿಗಿಂತ ಹೆಚ್ಚು ಉಕ್ಕಿ ತೊರೆಯೊಳಗೆ ನುಗ್ಗಿತು. ಸಂಕದ ದಿಮ್ಮಿಗಳನ್ನು ನೀರು ಮುಟ್ಟುತ್ತಿತ್ತು. ಚಾಪೆ ಹೆಣೆಯುತ್ತಿದ್ದ ಉನೈಸಿ ಯಾಕೋ ತಲೆಯೆತ್ತಿ ನೋಡಿದಳು. ಮೊಮ್ಮಗಳು ಮನೆಯಲ್ಲಿರಲಿಲ್ಲ. ಕೈಯಲ್ಲಿದ್ದ ಕೇದಗೆಯ ಎಲೆ ಎಸೆದು ಓಡಿದಳು.

ಅಲುಮಿತಾ ತೊರೆಯ ಬಾಯಲ್ಲಿ ಎದೆಮಟ್ಟದ ನೀರಿನಲ್ಲಿದ್ದಳು. ಎಲೆಯ ಪೊಟ್ಟಣವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಸಮುದ್ರದ ಕಡೆ ಹೋಗುತ್ತಿದ್ದಳು. ಅವಳ ಮುಂದೆ, ಆಳದ ನೀರಿನ ಮೇಲೆ, ಪಾದವಷ್ಟೇ ಮುಳುಗಿಸಿಕೊಂಡು ಲಿತಿಯಾನಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಳು.

“ಬಿಡೇ ಅವಳನ್ನ!” ಉನೈಸಿ ಸೊಂಟದವರೆಗೆ ನೀರಿಗಿಳಿದು ಕಿರುಚಿದಳು. ಮೂರು ವರ್ಷದಲ್ಲಿ ಮಗಳ ಮೇಲೆ ಅದೇ ಮೊದಲ ಸಲ ದನಿಯೆತ್ತಿದ್ದು. “ನಿನ್ನ ಹೊಟ್ಟೇಲಿ ಹುಟ್ಟಿದ್ದಲ್ವೇನೇ ಅದು? ಬಿಡು!”

ಲಿತಿಯಾನಾ ಆಗ ತಾಯಿಯನ್ನು ನೋಡಿದಳು. ಕರೆಯುವವಳ ನೋಟ ಅದಾಗಿರಲಿಲ್ಲ. ಹುಡುಗಿಯನ್ನು ಅವಳು ಸೆಳೆಯುತ್ತಿರಲಿಲ್ಲ, ಅವಳಿಂದ ತಪ್ಪಿಸಿಕೊಂಡು ಹೋಗಲು ನೋಡುತ್ತಿದ್ದಳು. ನಿಲ್ಲಲು ಎಲ್ಲೂ ಜಾಗವಿಲ್ಲದೆ ಸಮುದ್ರದ ಕಡೆಗೇ ಹಿಂದೆ ಸರಿಯುತ್ತಿದ್ದಳು, ಅಷ್ಟೇ. ಅದನ್ನು ಕಂಡು ಉನೈಸಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಅಷ್ಟರಲ್ಲಿ ಆಚೆ ದಂಡೆಯಿಂದ ಮುನ್ಸಾಮಿ ಪಂಚೆ ಎತ್ತಿಕಟ್ಟಿ, ಬಾಯಿತುಂಬ ಬೈಯುತ್ತಾ ನೀರಿಗೆ ಬಿದ್ದು, ಹುಡುಗಿಯ ಜಡೆ ಹಿಡಿದು ಎಳೆದುಕೊಂಡ.

ಒದ್ದೆ ಬಟ್ಟೆಯಲ್ಲೇ ಉನೈಸಿ ನೇರವಾಗಿ ನೆಮಾನಿಯ ಮನೆಗೆ ಹೋದಳು. ಗಂಡಸರು ಕಾವಾದ ಬಟ್ಟಲಿನ ಸುತ್ತ ಕೂತಿದ್ದರು. ಹೆಂಗಸು ಹಾಗೆ ನುಗ್ಗುವ ಪದ್ಧತಿಯಿಲ್ಲ. ಅವಳು ನುಗ್ಗಿದಳು.

“ಆ ಹಲ್ಲು ನಮ್ಮನೇದು ನೆಮಾನಿ. ಕೊಟ್ಟೋರೂ ನಾವೇ, ತಗೊಂಡೋರೂ ನಾವೇ. ಮಗು ಮುಖ ಇನ್ನೂ ಬಂದೇ ಇಲ್ಲ.”

“ಅಮ್ಮಾ!” ಎಂದ ಎಮೋಸಿ, ನೆಲಕ್ಕಿಳಿದು ಹೋದವನ ಹಾಗೆ.

ನೆಮಾನಿ ಬಟ್ಟಲನ್ನು ಕೆಳಗಿಟ್ಟ. “ನಿಂಗೆ ಅವತ್ತೇ ಗೊತ್ತಿತ್ತಾ ಅತ್ತಿಗೆ?”

“ಗೊತ್ತಿತ್ತು.”

“ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ?”

“ನಂಗೆ ಮಗಳು ಬೇಕಾಗಿದ್ಲು,” ಎಂದಳು ಉನೈಸಿ. ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ. ಮುದುಕಿಗೆ ನೀರು ತಲೆಗೇರಿದೆ ಎಂದುಕೊಂಡರು.

ಸಂಜೆಯ ಹೊತ್ತಿಗೆ ಅಲುಮಿತಾ ಮತ್ತೆ ಸಂಕದ ಆಚೆಗಿದ್ದಳು. ಡೆಸ್ ಮುನ್ಸಾಮಿಯ ಜಗಲಿಯಲ್ಲಿ ಚೀಲ ಕಟ್ಟುತ್ತಿದ್ದ. “ಎಲ್ಲಾ ಕಾಗದ ಸರಿ ಮಾಡಿದ್ದೆ ಅತ್ತೆ, ಒಂದೂ ಬಿಟ್ಟಿರಲಿಲ್ಲ,” ಎಂದ. “ಕಡೆಯವರನ್ನ ತಾ ಅಂದ್ರೆ ಎಲ್ಲಿಂದ ತರ್ಲಿ? ನಮ್ಮಮ್ಮ ಯಾರು ಅಂತ್ಲೇ ನಂಗೊತ್ತಿಲ್ಲ. ನಾಳೆ ಬಸ್ಸಿಗೆ ಹೋಗ್ತೀವಿ.” ಅವನು ಅಳುತ್ತಿದ್ದ. ದೊಡ್ಡ ಮೈಯವನು ಅತ್ತರೆ ನೋಡಲು ಆಗುವುದಿಲ್ಲ. ಉನೈಸಿ ಮೊಮ್ಮಗಳ ಒದ್ದೆ ತಲೆ ಒರೆಸುತ್ತಾ ಕೂತಳು.

ಮುನ್ಸಾಮಿ ಒಳಗೆ ಹೋಗಿ ಬಹಳ ಹೊತ್ತು ಏನೋ ಹುಡುಕಿದ. ಹೆಂಡತಿಯ ಮೇಲೆ ರೇಗಿದ. ಕೊನೆಗೆ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಉನೈಸಿಯ ಮುಂದಿಟ್ಟು ಬಿಚ್ಚಿದ. ಒಳಗೆ ಅಂಗೈಗಿಂತ ದೊಡ್ಡ, ಹಳದಿಗಟ್ಟಿದ ತಿಮಿಂಗಿಲದ ಹಲ್ಲು.

“ಇದು ನಿನ್ನತ್ರ ಹೇಗೆ?”

“ಮರ್ತೆಯಾ ಅಕ್ಕಾ? ಸೈನ್ಯ ಸರ್ಕಾರ ಬೀಳಿಸಿದ ವರ್ಷ. ಇಂಡಿಯಾದವರು ತೊಲಗಲಿ ಅಂತ ನಿಮ್ಮೂರ ಗಂಡುಮಕ್ಳು ಬಂದು ನನ್ನಂಗಡಿ ಒಡೆದ್ರಲ್ಲ. ಆಮೇಲೆ ನಿನ್ನ ಗಂಡನೇ ಇದನ್ನ ಹಿಡ್ಕೊಂಡು ಬಂದು, ಇದೇ ಜಗಲೀಲಿ ಮೊಣಕಾಲೂರಿ ತಪ್ಪಾಯ್ತು ಅಂದ.”

ಉನೈಸಿಗೆ ನೆನಪಾಯಿತು. ಗಂಡ ಆ ದಿನ ಮನೆಗೆ ಬಂದು ಊಟ ಮಾಡದೆ ಮಲಗಿದ್ದ.

“ಆದ್ರೆ ಮುನ್ಸಾಮಿ, ನೀನು ಡೆಸ್‌ಗೆ ಏನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ. ನನ್ನ ಮನೇಲಿ ಉಂಡಿದಾನೆ, ಮಲಗಿದಾನೆ, ಇವಳ ತಾಯಿ ಇದೇ ಕೋಣೇಲಿ ಇವಳಿಗೆ ಹಾಲು ಕುಡಿಸಿದಾಳೆ. ಸಾಕಲ್ಲ.” ಮುನ್ಸಾಮಿ ನಕ್ಕ, ಆದರೆ ನಗುವಿನಲ್ಲಿ ಸ್ವಲ್ಪ ಖಾರ ಇತ್ತು. “ನಾನು ಹುಟ್ಟಿದ್ದು ಇಲ್ಲೇ, ನಮ್ಮಪ್ಪ ಹುಟ್ಟಿದ್ದೂ ಇಲ್ಲೇ. ಆದ್ರೂ ನಿಮ್ಮೂರ ಬಾಯಲ್ಲಿ ನಾವು ಅತಿಥಿಗಳೇ ತಾನೆ? ಮುಖ ತರೋಕೆ ಹೊರಗಿನವರು ಬೇಕು ಅಂತೀರಲ್ಲ, ತಗೊಳ್ಳಿ. ಇಷ್ಟು ವರ್ಷಕ್ಕೆ ಅದೂ ಒಂದು ಉಪಯೋಗಕ್ಕೆ ಬಂತು.”

ಉನೈಸಿ ಆ ಹಲ್ಲನ್ನು ಮುಟ್ಟಿ ನೋಡಿದಳು. ಬೇಡ ಎನ್ನಲು ಇದೇ ಕೊನೆಯ ಅವಕಾಶ ಎಂದು ಅವಳಿಗೆ ತಿಳಿದಿತ್ತು. ಇದು ಎರವಲು ತಂದದ್ದಲ್ಲ. ಇದನ್ನು ಕೊಟ್ಟರೆ ನಿಜವಾಗಿ ಕೊಟ್ಟಂತೆ, ಮಗುವಿನ ಮುಖ ನಿಜವಾಗಿ ಬರುತ್ತದೆ, ಆಮೇಲೆ ತೊರೆಯಲ್ಲಿ ಯಾರೂ ಇರುವುದಿಲ್ಲ. ಅವಳ ಮಡಿಲಲ್ಲಿ ಅಲುಮಿತಾ ನಡುಗುತ್ತಿದ್ದಳು. ಎಷ್ಟು ಒರೆಸಿದರೂ ಅವಳ ಪಾದಗಳು ಮಾತ್ರ ಒದ್ದೆಯಾಗಿಯೇ ಇದ್ದವು.

“ನಾಳೆನೇ ಬನ್ನಿ,” ಎಂದಳು ಉನೈಸಿ. “ನೆಮಾನಿಗೆ ನಾನು ಹೇಳ್ತೀನಿ.”

ಬೆಳಿಗ್ಗೆ ಅವರು ಬಂದರು. ಮುಂದೆ ಮುನ್ಸಾಮಿ, ಹಿಂದೆ ಚಾಪೆಯ ಸುರುಳಿ ಹೊತ್ತ ಡೆಸ್, ಅವನ ಹಿಂದೆ ಅಲುಮಿತಾಳ ಕೈ ಹಿಡಿದ ಮುನ್ಸಾಮಿಯ ಹೆಂಡತಿ. ಆಕೆ ಸೀರೆ ಉಟ್ಟಿದ್ದಳು, ಹುಡುಗಿಗೆ ಕಣ್ಣಿಗೆ ಕಾಡಿಗೆ ಹಚ್ಚಿದ್ದಳು. ಊರಿನವರು ಪಿಸುಗುಟ್ಟಿದರು, ಒಂದಿಬ್ಬರು ನಕ್ಕರು. ಮುನ್ಸಾಮಿ ಕೀಲುನೋವಿನ ಕಾಲನ್ನು ಕಷ್ಟಪಟ್ಟು ಮಡಚಿ ಚಾಪೆಯ ಮೇಲೆ ಕೂತು, ಹಲ್ಲನ್ನು ಎತ್ತಿ ಹಿಡಿದ.

“ನಾವು ಆಚೆ ದಡದವರು. ಡೆಸ್ ಕಡೆಯವರಾಗಿ ಬಂದಿದೀವಿ. ಲಿತಿಯಾನಾ ಮಗಳ ಮುಖ ತಂದಿದೀವಿ, ನೋಡ್ಕೊಳಿ. ಅವಳು ಚಿಕ್ಕೋಳು, ಅವಳಿಗೆ ಎರಡು ಕಡೆಯೂ ಬೇಕು. ನಮ್ಮ ಕಡೆಯಿಂದ ತಡ ಆಗಿದ್ದು ತಪ್ಪಾಯ್ತು.”

ನೆಮಾನಿ ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಹಲ್ಲಿನ ಗುರುತು ಅವನಿಗೂ ಹತ್ತಿತ್ತು. ಆ ವರ್ಷ ಅಂಗಡಿಗೆ ಮೊದಲ ಕಲ್ಲು ಎಸೆದವನು ಅವನೇ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

“ಇದು ನಮ್ಮಣ್ಣ ನಿಂಗೆ ಕೊಟ್ಟಿದ್ದು,” ಎಂದ ಮೆಲ್ಲಗೆ.

“ಹೌದು, ಕೊಟ್ಟಿದ್ದು. ಅದಕ್ಕೇ ನಂದು.”

“ಇದನ್ನ ವಾಪಸ್ ಕೊಟ್ರೆ… ಅವತ್ತು ಕ್ಷಮಿಸಿದ ಮಾತು?”

“ಆ ಮಾತು ಅವತ್ತೇ ಮುಗೀತು ನೆಮಾನಿ. ಕೈ ನೋಯ್ತಿದೆ, ತಗೋ.”

ನೆಮಾನಿ ಹಲ್ಲನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಸ್ವೀಕಾರದ ಮಾತು ಆಡುವಾಗ ಅವನ ದನಿ ಒಡೆಯಿತು. ಆಮೇಲೆ ಚಪ್ಪಾಳೆ, ನಿಧಾನವಾಗಿ, ಒಂದರ ಹಿಂದೊಂದು.

ತಾಯಿಯ ಮನೆಯ ಪರವಾಗಿ ಮಗುವಿನ ಕೆನ್ನೆಗೆ ಮೂಗೊತ್ತಿ ಮುಖವನ್ನು ಬರಮಾಡಿಕೊಳ್ಳಬೇಕಾದವಳು ಉನೈಸಿ. ಮೊಮ್ಮಗಳ ಮೇಲೆ ಬಾಗಿದಾಗ ಅವಳಿಗೆ ಹುಡುಗಿಯ ಹೆಗಲಿನಾಚೆ ಸಂಕ ಕಂಡಿತು. ಲಿತಿಯಾನಾ ಸಂಕದ ಮೇಲಿದ್ದಳು. ಮಡಚಿದ್ದ ಎಡಗೈಯನ್ನು ಬಿಟ್ಟಿದ್ದಳು. ಎರಡೂ ಕೈ ಬೀಸಿಕೊಂಡು, ಶಾಲೆ ಬಿಟ್ಟು ಬರುವ ಹುಡುಗಿಯ ಹಾಗೆ ಬರುತ್ತಿದ್ದಳು. ಜನರ ನಡುವೆ ಹಾದು, ತಾಯಿಯ ಪಕ್ಕದಲ್ಲಿಯೇ ನಡೆದು, ಮನೆಯ ಮೆಟ್ಟಿಲು ಹತ್ತಿದಳು. ಒದ್ದೆ ಹೆಜ್ಜೆಗಳು ಹೊಸ್ತಿಲವರೆಗೆ ಮೂಡಿದವು. ನೋಡಬೇಕು, ಮುಟ್ಟಬೇಕು, ಹಿಡಿದು ನಿಲ್ಲಿಸಬೇಕು ಅನ್ನಿಸಿತು ಉನೈಸಿಗೆ. ಅವಳು ಮೊಮ್ಮಗಳ ಕೆನ್ನೆಯಿಂದ ಮುಖ ತೆಗೆಯಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಅಂದು ಅಲುಮಿತಾ ತಟ್ಟೆ ಖಾಲಿ ಮಾಡಿದಳು. ಇನ್ನೊಂದು ಮೀನು ಕೇಳಿದಳು. ಎಮೋಸಿ ಮಾವನ ಹಂದಿಮರಿಗಳಲ್ಲಿ ಬಿಳಿಯದು ತನಗೆ ಬೇಕೆಂದು ಹಟ ಹಿಡಿದು ಅದನ್ನು ಗಿಟ್ಟಿಸಿಕೊಂಡಳು. ನಡುಮನೆಯಲ್ಲಿ ಕಾಲು ಚಾಚಿ ಮಲಗಿ ಬೆಳಗಿನ ತನಕ ಹೊರಳಲಿಲ್ಲ.

ಬೆಳಿಗ್ಗೆ ಉನೈಸಿ ತೊರೆಗೆ ಹೋದಳು. ಹೋಗಬಾರದೆಂದುಕೊಂಡಿದ್ದಳು, ಕಾಲು ಕೇಳಲಿಲ್ಲ. ಆಚೆ ದಂಡೆಯಲ್ಲಿ ಕಾಂಡ್ಲಾ ಗಿಡಗಳಿದ್ದವು, ಬೇರುಗಳ ನಡುವೆ ಕೆಸರಿತ್ತು. “ಲಿತಿಯಾನಾ,” ಎಂದು ಕರೆದಳು. ಊರಿನ ಸುದ್ದಿ ಹೇಳಲು ಶುರುಮಾಡಿದಳು, ಮೈದುನ ಅತ್ತ ವಿಷಯ, ಮುನ್ಸಾಮಿಯ ಕೀಲುನೋವು. ಅರ್ಧಕ್ಕೇ ನಿಲ್ಲಿಸಿದಳು. ಮಗಳು ಸತ್ತ ಸುದ್ದಿ ಬಂದ ದಿನ ಅವಳು ಅತ್ತಿರಲಿಲ್ಲ. ಈಗ ಸಂಕದ ಮೇಲೆ ಕುಕ್ಕರಿಸಿ, ಸೆರಗಿಲ್ಲದ ಊರಿನಲ್ಲಿ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು.

ಹಿಂದಿನಿಂದ ಅಲುಮಿತಾ ಬಂದಳು. ಹಂದಿಮರಿಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು.

“ಯಾರ ಜೊತೆ ಮಾತಾಡ್ತಿದೀಯ ಬುಬು?”

ಉನೈಸಿ ಆಚೆ ದಂಡೆಯತ್ತ ಬೆರಳು ತೋರಿಸಿದಳು. ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೂ ಅಲ್ಲಿ ಗಿಡಗಳೇ ಕಂಡವು. ಹಂದಿಮರಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

“ಬುಬು, ಅಮ್ಮನ ಮುಖ ನೆನಪಾಗ್ತಿಲ್ಲ.”

ಉನೈಸಿ ಅವಳನ್ನು ಹಂದಿಮರಿಯ ಸಮೇತ ಮಡಿಲಿಗೆ ಎಳೆದುಕೊಂಡಳು. ಹೇಳಲು ಬಾಯಿ ತೆರೆದಳು. ಅವಳಿಗೂ ಒಂದು ಕ್ಷಣ ಏನೂ ನೆನಪಾಗಲಿಲ್ಲ. ಆಮೇಲೆ ಮೊದಲು ಹಲ್ಲುಗಳು ನೆನಪಾದವು.

“ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತು,” ಎಂದಳು. “ನಗೋವಾಗ ನಾಲಿಗೆ ತುದಿ ಅಲ್ಲಿ ಇಟ್ಕೊಳ್ಳೋಳು. ಹಣೆ ಅಗಲ, ನಂದರ ಹಾಗೆ. ಹಟ ಅಂದ್ರೆ ಹಟ. ಇರು, ಒಂದೊಂದಾಗಿ ಹೇಳ್ತೀನಿ.”